ಔಡಲ ಎಣ್ಣೆಯ ಕಟಿಂಗ್ ಆಯಿಲ್: ಲೇತ್ ಮೇಲೆ ಎರಡು ವರ್ಷ

ಗಂಗಾವತಿಯಲ್ಲಿ ನಮ್ಮದು ಕಬ್ಬಿಣ ತಿರುಗಿಸಿ ಕಡೆಯುವ ಸಣ್ಣ ಲೇತ್ ಶಾಪ್. ಶಾಫ್ಟ್, ಬುಷ್, ಪುಲ್ಲಿ ಅಂತ ಜಾಸ್ತಿ ಕೆಲಸ ರೈಸ್ ಮಿಲ್‌ಗಳದ್ದೇ. ಕಡೆಯುವಾಗ ಟೂಲ್ ಬಿಸಿಯಾಗದಂತೆ ಹರಿಸುವ ಎಣ್ಣೆಯೇ ಕಟಿಂಗ್ ಆಯಿಲ್. ಎರಡು ವರ್ಷದ ಹಿಂದೆ ಪೆಟ್ರೋಲಿಯಂ ಕಟಿಂಗ್ ಆಯಿಲ್ ಬಿಟ್ಟು, ಔಡಲ ಎಣ್ಣೆಯಿಂದ ಮಾಡಿದ್ದನ್ನು ತಂದೆ. ಇದನ್ನೂ ನೀರಿಗೆ ಬೆರೆಸಿಯೇ ಬಳಸಬೇಕು. ಬದಲಾಯಿಸಲು ಕಾರಣ ಲೇತ್ ನಡೆಸುವ ನಮ್ಮ ಟರ್ನರ್ ಹುಡುಗನ ಕೈ. ಬೆರಳ ಸಂದಿಯಲ್ಲಿ ಕಡಿತ ಎದ್ದು ಸಿಪ್ಪೆ ಸುಲಿಯುತ್ತಿತ್ತು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರೂ ಉರಿ.

ಮೊದಲ ವಾರವೇ ಬೇಜಾರಾಯಿತು. ಬೋರ್ ನೀರಿಗೆ ಬೆರೆಸಿದ್ದು ಎರಡೇ ದಿನಕ್ಕೆ ಹಾಲು ಒಡೆದ ಹಾಗೆ ಒಡೆಯಿತು. ಲೇತ್ ಕೆಳಗಿನ ಎಣ್ಣೆ ತೊಟ್ಟಿ, ಅಂದರೆ ಸಂಪ್ ತುಂಬ ಜಿಡ್ಡು ತೇಲುತ್ತಿತ್ತು. ತಪ್ಪು ಎಣ್ಣೆಯದಲ್ಲ, ನೀರಿನದು. ಗಡಸು ನೀರಿನ ಸುಣ್ಣದ ಅಂಶ ಎಣ್ಣೆಯನ್ನು ನೀರಲ್ಲಿ ಬೆರೆತು ನಿಲ್ಲಲು ಬಿಡುವುದಿಲ್ಲ. ಈಗ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರಿಸುತ್ತೇನೆ. 20 ಲೀಟರ್ ನೀರಿಗೆ 1 ಲೀಟರ್ ಎಣ್ಣೆ. ನೀರಿಗೇ ಎಣ್ಣೆ ಸುರಿದು ಕಲಕಬೇಕು, ಎಣ್ಣೆಗೆ ನೀರು ಹಾಕಬಾರದು. ಆಮೇಲೆ ಒಡೆದಿಲ್ಲ.

ನಮ್ಮಪ್ಪ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಇದೇ ಔಡಲದ್ದು. ಲೋಹಕ್ಕೆ ಕಚ್ಚಿಕೊಂಡು ನಿಲ್ಲುವುದು ಇದರ ಗುಣ. ಟೂಲ್ ತುದಿಯಲ್ಲಿ ಅದು ಕಾಣುತ್ತದೆ. ಫಿನಿಶ್ ಚೆನ್ನಾಗಿದೆ, ಹೊಗೆ ತುಂಬಾ ಕಡಿಮೆ. ಟ್ಯಾಪ್ ಹೊಡೆಯುವಾಗ, ಅಂದರೆ ತೂತಿನೊಳಗೆ ಮರೆ ಕೊರೆಯುವಾಗ ಮಾತ್ರ 10 ಲೀಟರಿಗೆ 1 ಲೀಟರಿನಂತೆ ಗಟ್ಟಿಯಾಗಿ ಬೆರೆಸುತ್ತೇವೆ. ನಾಲ್ಕು ತಿಂಗಳಲ್ಲಿ ಹುಡುಗನ ಕೈ ವಾಸಿಯಾಯಿತು. ನನಗೆ ಇದೊಂದೇ ಸಾಕು.

ಕೊರತೆಯೂ ಇದೆ. ಗವಿಮಠದ ಜಾತ್ರೆಗೆ ಐದು ದಿನ ಶಾಪ್ ಮುಚ್ಚಿದ್ದೆವು. ಬಂದು ನೋಡಿದರೆ ಕೆಲಸದ ತುಂಡು ಹಿಡಿಯುವ ಚಕ್ ಜಾ, ಟೂಲ್ ಜಾರುವ ಬೆಡ್ ಎಲ್ಲ ಪಾಕ ಮೆತ್ತಿದ ಹಾಗೆ ಅಂಟು. ಗಿಡದ ಎಣ್ಣೆ ಗಾಳಿಗೆ ಒಣಗಿದರೆ ಹೀಗಾಗುತ್ತದೆ. ರಜೆಗೆ ಮುಂಚೆ ಒರೆಸಿ, ಬೆಡ್‌ಗೆ ಸ್ಲೈಡ್‌ವೇ ಆಯಿಲ್ ಹಚ್ಚಲೇಬೇಕು. ಸೋಮವಾರ ವಾಸನೆಯೂ ಬರುತ್ತಿತ್ತು. ಗೇರ್‌ಬಾಕ್ಸ್ ಎಣ್ಣೆ ಸಂಪ್‌ಗೆ ಸೋರಿ ಮೇಲೆ ಮುಚ್ಚಿಕೊಂಡರೆ ಕೆಳಗೆ ಗಾಳಿ ಇಲ್ಲದೆ ಕೊಳೆಯುತ್ತದೆ. ಶನಿವಾರ ಸಂಜೆ ಬಟ್ಟೆ ಅದ್ದಿ ಆ ಎಣ್ಣೆ ತೆಗೆಯುತ್ತೇವೆ. ಬೇಸಿಗೆಯಲ್ಲಿ ನೀರು ಆರಿ ಮಿಶ್ರಣ ಗಟ್ಟಿಯಾಗುತ್ತದೆ, ತೆಳುವಾಗಿ ಬೆರೆಸಿದ್ದನ್ನು ತುಂಬಿಸುತ್ತಿರಬೇಕು.

ಬೆಲೆ ನನಗೆ ಹೆಚ್ಚು ಕಡಿಮೆ ದುಪ್ಪಟ್ಟು ಬೀಳುತ್ತಿದೆ.

ಗಿಡದ್ದಲ್ವಾ ಅಂತ ಬಳಸಿದ್ದನ್ನು ಚರಂಡಿಗೆ ಸುರಿಯಬೇಡಿ. ಅದರಲ್ಲಿ ಕಬ್ಬಿಣದ ಪುಡಿ, ಮಷಿನ್ ಎಣ್ಣೆ ಇರುತ್ತವೆ. ನಮ್ಮ ಚರಂಡಿ ಮುಂದೆ ಗದ್ದೆಯ ಕಾಲುವೆ ಸೇರುತ್ತದೆ. ನಾನು ಡ್ರಮ್‌ನಲ್ಲಿ ತುಂಬಿಟ್ಟು, ಬಳಸಿದ ಎಣ್ಣೆ ಒಯ್ಯಲು ಲೈಸೆನ್ಸ್ ಇರುವವರಿಗೇ ಕೊಡುತ್ತೇನೆ.