ವರ್ಷಗಟ್ಟಲೆ ಟಾಮ್‌ಕ್ಯಾಟ್ ಬಳಸಿದ ಮೇಲೆ: ವಾರ್ ಫೈಲ್ ಹಾಕುವುದು ಸುಲಭ, ಆದರೆ...

ಉಡುಪಿಯ ನಮ್ಮ ಸಣ್ಣ ಆಫೀಸು ಮಲ್ಪೆಯ ಮೀನು ವ್ಯಾಪಾರಿಗಳಿಗೆ, ಐಸ್ ಪ್ಲಾಂಟ್‌ನವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಎಲ್ಲವೂ ಜಾವಾ. ಓಡುವುದು ಅಪಾಚೆ ಟಾಮ್‌ಕ್ಯಾಟ್ ಮೇಲೆ, ಅಂದರೆ ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್ ಸಾಫ್ಟ್‌ವೇರ್ ಮೇಲೆ. ಮೊದಲು ಆವೃತ್ತಿ 8.5, ಈಗ 9. ದುಡ್ಡು ಕೊಡಬೇಕಾಗಿಲ್ಲ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದು ಯಾಕಿಲ್ಲ ಎನ್ನುವುದೇ ಇಲ್ಲಿ ಜಾಸ್ತಿ ಇದೆ.

ಮೊದಲು ಹೊಗಳಿಕೆ. ಇಡೀ ಅಪ್ಲಿಕೇಶನ್ ಒಂದೇ ವಾರ್ ಫೈಲ್, ಜಿಪ್ ಹಾಗೆ ಕಟ್ಟಿದ ಗಂಟು. ವೆಬ್‌ಆ್ಯಪ್ಸ್ ಫೋಲ್ಡರಿಗೆ ಹಾಕಿದರೆ ಟಾಮ್‌ಕ್ಯಾಟ್ ತಾನೇ ಬಿಚ್ಚಿ ಓಡಿಸುತ್ತದೆ. ಫೈಲಿನ ಹೆಸರೇ ವಿಳಾಸವಾಗುತ್ತದೆ. ರೂಟ್ ಎಂದು ದೊಡ್ಡಕ್ಷರದಲ್ಲಿ ಹೆಸರಿಟ್ಟರೆ ಡೊಮೇನಿನ ಮೊದಲ ಪುಟಕ್ಕೇ ಕೂರುತ್ತದೆ. ಹೊಸದಾಗಿ ಸೇರಿದ ಹುಡುಗರಿಗೂ ಇದನ್ನು ಒಂದು ಚಹಾದ ಹೊತ್ತಿನಲ್ಲಿ ಹೇಳಿಕೊಡಬಹುದು.

ಇಷ್ಟು ಸುಲಭ ಇರುವುದೇ ಕೆಲವೊಮ್ಮೆ ತೊಂದರೆ. ಆಟೋಡಿಪ್ಲಾಯ್ (ಹೊಸ ಫೈಲನ್ನು ತಾನೇ ಎತ್ತಿ ಓಡಿಸುವ ಸೌಲಭ್ಯ) ಆನ್ ಇದ್ದರೆ ಟಾಮ್‌ಕ್ಯಾಟ್ ಸುಮಾರು 10 ಸೆಕೆಂಡಿಗೊಮ್ಮೆ ಫೋಲ್ಡರ್ ನೋಡುತ್ತಿರುತ್ತದೆ. ನಮ್ಮಲ್ಲಿ ಮಳೆಗಾಲದ ನೆಟ್ ಹೇಗೆ ಅಂತ ಗೊತ್ತಲ್ವಾ? ದೊಡ್ಡ ಫೈಲ್ ನೇರವಾಗಿ ಅಲ್ಲಿಗೇ ಕಳಿಸಿದರೆ, ಅರ್ಧ ಬಂದದ್ದನ್ನೇ ಎತ್ತಿಕೊಂಡು ಬಿಚ್ಚಲು ಹೊರಡುವ ಸಾಧ್ಯತೆ ಇದೆ. ಅದಕ್ಕೇ ನಾವು ಅದೇ ಡಿಸ್ಕಿನ ಬೇರೆ ಫೋಲ್ಡರಿಗೆ ಪೂರ್ತಿ ಇಳಿಸಿಕೊಂಡು, ಆಮೇಲೆ ಒಂದೇ ಏಟಿಗೆ ವೆಬ್‌ಆ್ಯಪ್ಸ್‌ಗೆ ಸರಿಸುತ್ತೇವೆ.

ಟಾಮ್‌ಕ್ಯಾಟಿನದೇ ನಿರ್ವಹಣೆಯ ವೆಬ್ ಪುಟವಾದ ಮ್ಯಾನೇಜರ್‌ನಿಂದಲೂ ಅಪ್‌ಲೋಡ್ ಮಾಡಬಹುದು. ಆದರೆ ಅದರ ಮಿತಿ 50 ಎಂಬಿ. ವರದಿ ತೆಗೆಯುವ ಲೈಬ್ರರಿ ಎರಡು ಸೇರಿದರೆ ನಮ್ಮ ಫೈಲ್ ಅದನ್ನು ದಾಟುತ್ತದೆ. ಮ್ಯಾನೇಜರಿನದೇ ವೆಬ್ ಎಕ್ಸ್‌ಎಂಎಲ್ ಎನ್ನುವ ಸೆಟ್ಟಿಂಗ್ ಫೈಲ್ ತಿದ್ದಿ ಮಿತಿ ಹೆಚ್ಚಿಸಬಹುದು, ಆದರೆ ಟಾಮ್‌ಕ್ಯಾಟಿನ ಹೊಸ ಆವೃತ್ತಿ ಹಾಕಿದಾಗ ಮತ್ತೆ ತಿದ್ದಬೇಕು. ಹೊರಗಿನ ಕಂಪ್ಯೂಟರಿನಿಂದ ತೆರೆದರೆ ಈ ಪುಟ ಒಳಗೇ ಬಿಡುವುದಿಲ್ಲ. ಅದು ಬೇಕೆಂದೇ ಇಟ್ಟ ಬೀಗ. ಸುಮ್ನೆ ತೆಗೆಯಬೇಡಿ, ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಸುರಕ್ಷಿತವಾಗಿ ಸೇರುವ ದಾರಿ) ಮೂಲಕ ಹೋಗಿ.

ಇನ್ನು ನಿಜವಾದ ತಲೆನೋವು. ಹೊಸ ವಾರ್ ಬಂದಾಗ ಟಾಮ್‌ಕ್ಯಾಟ್ ಹಳೆಯದನ್ನು ಬಿಚ್ಚಿಟ್ಟ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದನ್ನು ಬಿಚ್ಚುತ್ತದೆ. ನಮ್ಮ ಕೈಗೆ ಬಂದ ಒಂದು ಅಪ್ಲಿಕೇಶನನ್ನು ಮೊದಲು ಬೇರೆಯವರು ಬರೆದಿದ್ದರು. ಗ್ರಾಹಕರು ಹಾಕಿದ ಬಿಲ್ಲಿನ ಫೋಟೋಗಳೆಲ್ಲ ಅದೇ ಫೋಲ್ಡರಿನ ಒಳಗೆ ಹೋಗುವ ಹಾಗೆ ಮಾಡಿಟ್ಟಿದ್ದರು. ಅವರೇ ಕೊನೆಯ ಸಲ ಹೊಸ ವಾರ್ ಹಾಕಿದ ದಿನ ಹಳೆ ಫೋಟೋಗಳೆಲ್ಲ ಮಾಯ. "ಎಂತ ಮಾರಾಯ್ರೆ, ಡೀಸೆಲ್ ಬಿಲ್ಲು ಒಂದೂ ಕಾಣುವುದಿಲ್ಲವಲ್ಲ" ಎಂದು ಬೋಟಿನವರು ನಮ್ಮ ಹತ್ತಿರ ಬಂದದ್ದೇ ಆ ಕಾರಣಕ್ಕೆ. ಟಾಮ್‌ಕ್ಯಾಟ್ ಇಲ್ಲಿ ನಿಯಮದ ಪ್ರಕಾರವೇ ನಡೆದುಕೊಂಡಿದೆ, ಆದರೆ ಒಂದು ಮಾತಿನ ಎಚ್ಚರಿಕೆಯನ್ನೂ ಕೊಡುವುದಿಲ್ಲ. ವಾರ್ ಫೈಲನ್ನು ವೆಬ್‌ಆ್ಯಪ್ಸ್‌ನಿಂದ ಅಳಿಸಿದರೂ ಅಷ್ಟೇ. ಆಟೋಡಿಪ್ಲಾಯ್ ಇದ್ದರೆ ಬಿಚ್ಚಿದ ಫೋಲ್ಡರ್ ಮಾತ್ರ ಅಲ್ಲ, ಕಾನ್ಫ್ ಫೋಲ್ಡರಿನ ಒಳಗಿನ, ಆ ಅಪ್ಲಿಕೇಶನ್ನಿನ ಸೆಟ್ಟಿಂಗ್ ಇರುವ ಕಾಂಟೆಕ್ಸ್ಟ್ ಫೈಲೂ ಹೋಗುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಅದರಲ್ಲೇ ಇದ್ದರೆ ಮುಗಿಯಿತು. ನಮ್ಮಲ್ಲಿ ಈಗ ಫೋಟೋ, ಪಾಸ್‌ವರ್ಡ್, ಲಾಗ್ ಯಾವುದೂ ವಾರ್ ಬಿಚ್ಚುವ ಜಾಗದಲ್ಲಿಲ್ಲ. ಲೈವ್ ಸರ್ವರಿನಲ್ಲಿ ಆಟೋಡಿಪ್ಲಾಯ್ ಕೂಡ ಆಫ್.

ಜಾಸ್ತಿ ಇಷ್ಟವಾದದ್ದು ಎರಡು ಆವೃತ್ತಿಗಳನ್ನು ಒಟ್ಟಿಗೆ ಓಡಿಸುವ ಸೌಲಭ್ಯ. ಟಾಮ್‌ಕ್ಯಾಟ್ 7ರಿಂದಲೂ ಇದೆ, ಆದರೂ ಬಳಸುವವರು ಕಡಿಮೆ. ಫೈಲಿನ ಹೆಸರಿನ ಕೊನೆಗೆ, .war ಬರುವ ಮೊದಲು, ## ಹಾಕಿ ಆವೃತ್ತಿಯ ಸಂಖ್ಯೆ ಬರೆದರೆ ಸಾಕು. ಈಗಾಗಲೇ ಲಾಗಿನ್ ಆದವರು ಹಳೆಯದರಲ್ಲೇ ಮುಂದುವರಿಯುತ್ತಾರೆ, ಹೊಸದಾಗಿ ಬಂದವರು ಹೊಸದಕ್ಕೆ ಹೋಗುತ್ತಾರೆ. ಬಂದರಿನಲ್ಲಿ ಏಲಂ ನಡೆಯುವಾಗ ಯಾರದ್ದೋ ಬಿಲ್ಲು ಅರ್ಧಕ್ಕೆ ನಿಂತರೆ ಫೋನು ಯಾರಿಗೆ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಆ ಫೋನು ಈಗ ಬರುವುದಿಲ್ಲ.

ಇದರಲ್ಲೂ ಒಂದು ಕೊಕ್ಕೆ ಇದೆ. ಆ ಸಂಖ್ಯೆಯನ್ನು ಟಾಮ್‌ಕ್ಯಾಟ್ ಅಕ್ಷರಗಳ ಹಾಗೆ ಹೋಲಿಸುತ್ತದೆ. ಅದರ ಲೆಕ್ಕದಲ್ಲಿ 2ಕ್ಕಿಂತ 11 ಹಳೆಯದು! 001, 002 ಎಂದು ಸೊನ್ನೆ ಸೇರಿಸಿ ಬರೆಯಿರಿ. ಎರಡೂ ಒಟ್ಟಿಗೆ ಓಡುವುದರಿಂದ ಮೆಮೊರಿ ಜಾಸ್ತಿ ಬೇಕು. ಡೇಟಾಬೇಸ್ ಒಂದೇ ಆದ್ದರಿಂದ ಟೇಬಲ್ ಬದಲಾವಣೆ ಎರಡಕ್ಕೂ ಒಗ್ಗುವಂತಿರಬೇಕು. ಆಟೋಡಿಪ್ಲಾಯ್ ಆಫ್ ಇದ್ದರೆ ಹಳೆಯದನ್ನು ನೀವೇ ತೆಗೆಯಬೇಕು.

ರೀಸ್ಟಾರ್ಟ್ ಮಾಡದೆ ಮತ್ತೆ ಮತ್ತೆ ವಾರ್ ಬದಲಿಸುತ್ತಾ ಹೋದರೆ ಮೆಮೊರಿ ತುಂಬುವುದುಂಟು. ಹೆಚ್ಚಾಗಿ ತಪ್ಪು ನಮ್ಮಂಥವರು ಬರೆದ ಕೋಡಿನದ್ದು, ನಿಲ್ಲಿಸದೆ ಬಿಟ್ಟ ಥ್ರೆಡ್ಡುಗಳದ್ದು (ಹಿನ್ನೆಲೆಯಲ್ಲಿ ಓಡುವ ಕೆಲಸಗಳು). ಕ್ಯಾಟಲಿನಾ ಔಟ್ ಎನ್ನುವ ಲಾಗ್ ಫೈಲೂ ಸುಮ್ಮನೆ ಬೆಳೆಯುತ್ತಲೇ ಇರುತ್ತದೆ, ಹಳೆ ಲಾಗನ್ನು ಆಗಾಗ ಬೇರೆ ಮಾಡಿ ಅಳಿಸುವ ಲಾಗ್‌ರೊಟೇಟ್ ಕಟ್ಟಿಬಿಡಿ.

ಸುರಕ್ಷತೆಯ ಬಗ್ಗೆ ಒಂದೇ ಮಾತು: 2020ರಲ್ಲಿ ಘೋಸ್ಟ್‌ಕ್ಯಾಟ್ ಎನ್ನುವ ಭದ್ರತಾ ದೋಷ ಬಂದದ್ದು 8009 ಪೋರ್ಟಿನ ಎಜೆಪಿಯಲ್ಲಿ, ಅಂದರೆ ಬೇರೆ ವೆಬ್ ಸರ್ವರ್ ಟಾಮ್‌ಕ್ಯಾಟ್ ಜೊತೆ ಮಾತಾಡುವ ದಾರಿಯಲ್ಲಿ. ಅದು ಮೊದಲು ತಾನಾಗಿಯೇ ಆನ್ ಇರುತ್ತಿತ್ತು, 9.0.31ರಿಂದ ಆಫ್. ಹಳೆ ಸರ್ವರ್ ಇದ್ದವರು ಒಮ್ಮೆ ನೋಡಿಕೊಳ್ಳಿ. 8.5ಕ್ಕಂತೂ 2024ರ ಮಾರ್ಚ್ ನಂತರ ರಿಪೇರಿ ನಿಂತಿದೆ.

ಒಂದೇ ಅಪ್ಲಿಕೇಶನ್, ಅದೂ ಹೊಸದಾಗಿ ಬರೆಯುವುದಾದರೆ ಸ್ಪ್ರಿಂಗ್ ಬೂಟ್ ಎನ್ನುವ ಜಾವಾ ಫ್ರೇಮ್‌ವರ್ಕಿನ, ತಾನೇ ಓಡುವ ಜಾರ್ ಫೈಲ್ ಸಾಕು. ಅದರ ಹೊಟ್ಟೆಯೊಳಗೂ ಸಾಮಾನ್ಯವಾಗಿ ಟಾಮ್‌ಕ್ಯಾಟೇ ಇರುತ್ತದೆ. ನಮ್ಮ ಹಾಗೆ ಒಂದೇ ಸರ್ವರಿನಲ್ಲಿ ಹಲವು ಗ್ರಾಹಕರ ವಾರ್ ಇಡುವವರಿಗೆ ಹೀಗೆ ಬೇರೆಯಾಗಿ ಹಾಕಿದ ಟಾಮ್‌ಕ್ಯಾಟೇ ಒಳ್ಳೆಯದು.

ಟಾಮ್‌ಕ್ಯಾಟ್ 10ಕ್ಕೆ ಹೋಗುವ ಕೆಲಸ ನಮ್ಮಲ್ಲಿ ಬಾಕಿ. ಅಲ್ಲಿಂದ ಕೋಡಿನಲ್ಲಿದ್ದ ಜಾವಾಎಕ್ಸ್ ಹೆಸರುಗಳು ಜಕಾರ್ತಾ ಆಗಿವೆ, ಹಳೆ ವಾರ್ ನೇರವಾಗಿ ಓಡುವುದಿಲ್ಲ. ವೆಬ್‌ಆ್ಯಪ್ಸ್-ಜಾವಾಇಇ ಫೋಲ್ಡರಿಗೆ ಹಾಕಿದರೆ ಟಾಮ್‌ಕ್ಯಾಟೇ ಬದಲಿಸಿಕೊಡುತ್ತದೆ. ಪರೀಕ್ಷೆಗೆ ಹಾಕಿದ್ದೇವೆ, ಬಿಲ್ಲು ಸರಿ ಬರುತ್ತಿದೆ. ಲೈವ್ ಮಾಡುವುದು ಮಾತ್ರ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಹೊತ್ತಿಗೆ. ಆಗ ಬೋಟುಗಳೆಲ್ಲ ದಡದಲ್ಲಿರುತ್ತವೆ, ಬಿಲ್ಲು ಕೇಳುವವರೂ ಕಡಿಮೆ.