99.5% ಪ್ಯೂರಿಟಿ ನೋಡಿ ನಾನು ಸಹಿ ಹಾಕಿದ್ದು

ಪಲ್ಲೇಡಿಯಂ ಕಾರ್ಬನ್ (ಇಂಗಾಲದ ಪುಡಿಯ ಮೇಲೆ ಪಲ್ಲೇಡಿಯಂ ಲೋಹ ಕೂರಿಸಿದ ಕ್ಯಾಟಲಿಸ್ಟ್, ಅಂದರೆ ಕ್ರಿಯೆ ಚುರುಕುಗೊಳಿಸುವ ವಸ್ತು) ಬಳಸಿ ಹೈಡ್ರೋಜನೇಶನ್ (ಹೈಡ್ರೋಜನ್ ಸೇರಿಸುವ ಕ್ರಿಯೆ) ಮಾಡುವವರು ಕಚ್ಚಾ ಮಾಲಿನ ಸಪ್ಲೈಯರ್ ಬದಲಿಸುವ ಮುಂಚೆ ಇದನ್ನು ಓದಿ. ನಮ್ಮ ಒಂದು ಬ್ಯಾಚ್ ಪೂರ್ತಿ ಕೈಕೊಟ್ಟಿತು.

ನೈಟ್ರೋ ಸಂಯುಕ್ತವನ್ನು ಅಮೈನ್ ಮಾಡುವ ಕೆಲಸ. ಮೆಥನಾಲ್‌ನಲ್ಲಿ ಕರಗಿಸಿ, 5% ಪಲ್ಲೇಡಿಯಂ ಕಾರ್ಬನ್ ಹಾಕಿ, ಹೈಡ್ರೋಜನ್ ಕೊಡುವುದು. ಕಣ್ಣು ಮುಚ್ಚಿಕೊಂಡು ಮಾಡುವಷ್ಟು ರೂಢಿಯಾಗಿತ್ತು. ಈ ಸಲ ಮಾಲು ಮಾತ್ರ ಹೊಸಬರದ್ದು. ಜೊತೆಗೆ ಬಂದ ಸಿಒಎ (ಮಾಲಿನ ಪರೀಕ್ಷಾ ಪ್ರಮಾಣಪತ್ರ) ನೋಡಿದೆ. ಜಿಸಿ (ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆ) ಪ್ಯೂರಿಟಿ 99.5%, ನೀರಿನ ಅಂಶ ಸರಿ, ಬಣ್ಣವೂ ಸರಿ. ಸಹಿ ಹಾಕಿದವನು ನಾನೇ.

ಮೊದಲು ಹೈಡ್ರೋಜನ್ ಚೆನ್ನಾಗಿಯೇ ಎಳೆಯಿತು. ಮೂರನೇ ಒಂದು ಭಾಗ ಮುಗಿದ ಮೇಲೆ ಪ್ರೆಶರ್ ಗೇಜಿನ ಮುಳ್ಳು ಅಲ್ಲಾಡಲಿಲ್ಲ. ವಾಲ್ವ್ ನೋಡಿದೆವು, ಸ್ಟಿರರ್ ನೋಡಿದೆವು. ಎಲ್ಲ ಸರಿಯಿತ್ತು. ನೈಟ್ರೋಜನ್ ಹಾಯಿಸಿ ಇನ್ನಷ್ಟು ಕ್ಯಾಟಲಿಸ್ಟ್ ಹಾಕಿದೆವು. ಸ್ವಲ್ಪ ಹೊತ್ತು ಓಡಿ ಮತ್ತೆ ನಿಂತಿತು. ಆಗ ನಾನು ಬಿಸಿ ಜಾಸ್ತಿ ಮಾಡಿ ಅಂದೆ.

ಅದೇ ದೊಡ್ಡ ತಪ್ಪು. ನೈಟ್ರೋ ಒಂದೇ ನೆಗೆತಕ್ಕೆ ಅಮೈನ್ ಆಗುವುದಿಲ್ಲ, ಮಧ್ಯದಲ್ಲಿ ಹೈಡ್ರಾಕ್ಸಿಲಮೈನ್ ಆಗುತ್ತದೆ. ಕ್ಯಾಟಲಿಸ್ಟ್ ಅರೆಜೀವವಾದರೆ ಈ ಹೈಡ್ರಾಕ್ಸಿಲಮೈನ್ ಒಳಗೇ ಸೇರಿಕೊಳ್ಳುತ್ತಾ ಹೋಗಬಹುದು. ಕಾಯಿಸಿದರೆ ಒಮ್ಮೆಗೇ ಒಡೆದು ರಿಯಾಕ್ಟರನ್ನೇ ಹಾರಿಸಬಲ್ಲದು. ಹಿರಿಯ ಆಪರೇಟರ್ ಒಬ್ಬರು ಓಡಿಬಂದು, "ಸಾರ್, ಮೊದಲು ತಣ್ಣಗೆ ಮಾಡಿಸಿ" ಎಂದು ಕೂಗಿದರು. ಅವರ ಪುಣ್ಯದಿಂದ ಈಗ ಇದನ್ನು ಬರೆಯುತ್ತಿದ್ದೇನೆ.

ಆಮೇಲೆ ಲ್ಯಾಬ್‌ನಲ್ಲಿ ಕ್ಯಾಟಲಿಸ್ಟಿಗೆ ವಿಷವಾಗುವ ಸಲ್ಫರ್ ಒಟ್ಟು ಎಷ್ಟಿದೆ ಎಂದು ನೋಡಿಸಿದಾಗ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಭಾಗ) ಸಿಕ್ಕಿತು. ಸಪ್ಲೈಯರ್ ಒಂದು ಹಂತದಲ್ಲಿ ಸಲ್ಫರ್ ಇರುವ ಥಯೋನಿಲ್ ಕ್ಲೋರೈಡ್ ಬಳಸುತ್ತಾರಂತೆ. ಅದರ ಉಳಿಕೆ ಜಿಸಿಯಲ್ಲಿ ಕಾಣಿಸಿರಲಿಲ್ಲ.

50 ಪಿಪಿಎಂ ಯಾವ ಲೆಕ್ಕ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ. 100 ಕೆಜಿ ಮಾಲಿನಲ್ಲಿ ಅದು 5 ಗ್ರಾಂ. ಅದಕ್ಕೆ ಹಾಕುವ, ಒಣ ತೂಕದಲ್ಲಿ 1 ಕೆಜಿ ಕ್ಯಾಟಲಿಸ್ಟ್‌ನಲ್ಲಿ ಇರುವ ಪಲ್ಲೇಡಿಯಂ 50 ಗ್ರಾಂ. ಆದರೆ ಸಲ್ಫರ್ ಪರಮಾಣು ಹಗುರ. ಎಣಿಸಿದರೆ ಮೂರು ಪಲ್ಲೇಡಿಯಂಗೆ ಒಂದು ಸಲ್ಫರ್ ಬೀಳುತ್ತದೆ. ಅದರಲ್ಲೂ ಕೆಲಸ ಮಾಡುವುದು ಮೇಲ್ಮೈಯಲ್ಲಿರುವ ಪಲ್ಲೇಡಿಯಂ ಮಾತ್ರ. ಸಲ್ಫರ್ ಅಲ್ಲಿ ಕೂತರೆ ಏಳುವುದಿಲ್ಲ. ಅಮೋನಿಯಾ ಪ್ಲಾಂಟ್‌ಗಳಲ್ಲಿ ನಿಕ್ಕಲ್ ಕ್ಯಾಟಲಿಸ್ಟ್ ಉಳಿಸಲು ಗ್ಯಾಸನ್ನು ಮೊದಲು ಜಿಂಕ್ ಆಕ್ಸೈಡ್ ಮೇಲೆ ಹಾಯಿಸಿ ಸಲ್ಫರ್ ತೆಗೆಯುತ್ತಾರೆ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು!

ಈಗ ಪ್ರತಿ ಹೊಸ ಲಾಟನ್ನೂ ಮೊದಲು ಒತ್ತಡ ತಡೆಯುವ ಪಾತ್ರೆಯಾದ ಚಿಕ್ಕ ಆಟೋಕ್ಲೇವ್‌ನಲ್ಲಿ ಓಡಿಸಿ ನೋಡುತ್ತೇವೆ. ಹೈಡ್ರೋಜನ್ ನಿಂತರೆ ಕಾಯಿಸುವುದಿಲ್ಲ, ತಣಿಸಿ ಸ್ಯಾಂಪಲ್ ತೆಗೆಯುತ್ತೇವೆ. ಇನ್ನೊಂದು ಮಾತು, ಕೆಟ್ಟ ಕ್ಯಾಟಲಿಸ್ಟ್ ತಾನೇ ಅಂತ ಫಿಲ್ಟರ್ ಮೇಲೆ ಒಣಗಲು ಬಿಡಬೇಡಿ. ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿಡಿ.

ಸಪ್ಲೈಯರ್‌ಗೆ ಫೋನ್ ಮಾಡಿ ರೇಗಾಡಿದೆ. ಆತ ಸಮಾಧಾನವಾಗಿ, "ನಿಮ್ಮ ಸ್ಪೆಸಿಫಿಕೇಶನ್‌ನಲ್ಲಿ ಸಲ್ಫರ್ ಬಗ್ಗೆ ಏನೂ ಇಲ್ಲವಲ್ಲ ಸಾರ್" ಎಂದ. ತೆಗೆದು ನೋಡಿದೆ. ನಿಜ, ಇರಲಿಲ್ಲ.