ಒಂದೇ ಲೋಲಕ, ಹಲವು ಪರದೆ: ಪಿಯು ಫಿಸಿಕ್ಸ್ ಲ್ಯಾಬಿಗೆ ಯಾವ ಸಿಮ್ಯುಲೇಶನ್ ಒಳ್ಳೆಯದು?

ಪ್ರಥಮ ಪಿಯುಸಿ ಮಕ್ಕಳಿಗೆ ಸರಳ ಲೋಲಕದ ಪ್ರಯೋಗ ಮಾಡಿಸುವಾಗ ನಾನು ಒಂದು ಸಂಖ್ಯೆಗೆ ಕಾಯುತ್ತಾ ಇರುತ್ತೇನೆ. ಅದು 38.2. ಲೋಲಕದ ಉದ್ದ ಒಂದು ಮೀಟರ್ ಇದ್ದರೆ 20 ಆಂದೋಲನಕ್ಕೆ ಹತ್ತಿರ ಹತ್ತಿರ 40.2 ಸೆಕೆಂಡ್ ಆಗಬೇಕು. ಆದರೆ ಪ್ರತಿ ವರ್ಷ ಯಾರಾದರೂ ಒಬ್ಬರು 38.2 ಬರೆದುಕೊಂಡು ಬರುತ್ತಾರೆ. ಗುಂಡು ಬಿಟ್ಟ ಕೂಡಲೇ ಬಾಯಲ್ಲಿ 'ಒಂದು' ಅಂದಿರುತ್ತಾರೆ. ಅಲ್ಲಿಗೆ 19 ಆಂದೋಲನ 20 ಆಗಿಬಿಟ್ಟಿತು. ಲೆಕ್ಕ ಹಾಕಿದರೆ ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ, 10.8 ಬರುತ್ತದೆ. "ಸರ್, ಪುಸ್ತಕದಲ್ಲಿ 9.8 ಇದೆ, ನಮಗ್ಯಾಕೆ ಜಾಸ್ತಿ ಬಂತು?" ಎಂದು ಕೇಳುತ್ತಾರೆ. ನನ್ನ ಪಾಲಿಗೆ ಪ್ರಯೋಗ ಶುರುವಾಗುವುದು ಆ ಪ್ರಶ್ನೆಯಿಂದ.

ಹಾಗಾಗಿ ಆನ್‌ಲೈನ್ ಸಿಮ್ಯುಲೇಶನ್‌ಗಳನ್ನು ಅಳೆಯುವಾಗಲೂ ನನ್ನ ಅಳತೆಗೋಲು ಇದೇ. ಇದರೊಳಗೆ ಹುಡುಗರು ತಪ್ಪು ಮಾಡಬಹುದಾ? ಮಾಡಿದ ತಪ್ಪನ್ನು ತಾವೇ ಹುಡುಕಿಕೊಳ್ಳಬಹುದಾ? ಚಿತ್ರ ಎಷ್ಟು ಚೆನ್ನಾಗಿದೆ, ಬಣ್ಣ ಹೇಗಿದೆ ಅನ್ನೋದೆಲ್ಲ ಆಮೇಲೆ.

ನಾನು ತಿಪಟೂರು ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೊರೋನಾ ಕಾಲದಲ್ಲಿ ಲ್ಯಾಬಿಗೆ ಬೀಗ ಬಿದ್ದಾಗ ಎಲ್ಲರ ಹಾಗೆ ನಾನೂ ಸಿಮ್ಯುಲೇಶನ್ ಹಿಡಿದೆ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಲ್ಯಾಬ್ ಮತ್ತೆ ತೆರೆದ ಮೇಲೂ ನಾನು ಇವನ್ನು ಬಿಡಲಿಲ್ಲ. ನಮ್ಮಲ್ಲಿ ಲೋಲಕದ ಸ್ಟ್ಯಾಂಡ್ ಇರುವುದು ನಾಲ್ಕು, ಒಂದು ತರಗತಿಗೆ ಮಕ್ಕಳು ಅರವತ್ತು. ಮನೆಯಲ್ಲಿ ಮಾಡಿಕೊಂಡು ಬರುವ ಅಸೈನ್‌ಮೆಂಟ್ ಬೇಕೇ ಬೇಕಿತ್ತು. ಅದಕ್ಕೆ ಒಂದೊಂದನ್ನೂ ಕೆಲವು ವಾರ ಬಳಸಿ ನೋಡಿದ್ದೇನೆ.

ಮೊದಲು ಓಲ್ಯಾಬ್ಸ್. ಅಮೃತ ವಿಶ್ವವಿದ್ಯಾಪೀಠ ಮತ್ತು ಮುಂಬೈನ ಸಿ-ಡ್ಯಾಕ್ ಸೇರಿ ಮಾಡಿದ್ದು, ಕೇಂದ್ರ ಸರ್ಕಾರದ ಹಣದ ನೆರವಿದೆ. 9ರಿಂದ 12ನೇ ತರಗತಿಯವರಿಗೆ ಅಂತಲೇ ಇರುವುದರಿಂದ ನಮ್ಮ ಪಿಯು ಪ್ರಯೋಗಗಳಿಗೆ ತುಂಬಾ ಹತ್ತಿರ. ಸಣ್ಣ ಅಳತೆ ತೆಗೆಯುವ ವರ್ನಿಯರ್ ಮತ್ತು ಸ್ಕ್ರೂ ಗೇಜ್, ಲೋಲಕ, ಓಮ್‌ನ ನಿಯಮ, ತಂತಿಯ ರೋಧ ಅಳೆಯುವ ಮೀಟರ್ ಬ್ರಿಡ್ಜ್ ಎಲ್ಲ ಇವೆ. ಪ್ರತಿ ಪ್ರಯೋಗಕ್ಕೂ ಥಿಯರಿ, ಮಾಡುವ ವಿಧಾನ, ಸಿಮ್ಯುಲೇಟರ್, ವೈವಾ ಪ್ರಶ್ನೆ ಅಂತ ಬೇರೆ ಬೇರೆ ಪುಟ. ನಮ್ಮ ಲ್ಯಾಬಿನ ಮೇಜಿನ ಮೇಲಿರುವ ಸಾಮಾನೇ ಪರದೆ ಮೇಲೆ ಕಾಣುವುದರಿಂದ ಮಕ್ಕಳಿಗೆ ಗಾಬರಿ ಆಗುವುದಿಲ್ಲ.

ವರ್ನಿಯರ್ ಓದುವುದನ್ನು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಮುಖ್ಯ ಅಳತೆ ಎಷ್ಟು, ವರ್ನಿಯರ್‌ನ ಯಾವ ಗೆರೆ ಮೇಲಿನ ಗೆರೆಗೆ ಸರಿಯಾಗಿ ಕೂತಿದೆ ಅನ್ನುವುದನ್ನು ಹತ್ತು ಸಲ ಅಭ್ಯಾಸ ಮಾಡಲು ಕಾಲು ಗಂಟೆ ಸಾಕು. ಲ್ಯಾಬಿನಲ್ಲಿ ಒಂದು ವರ್ನಿಯರ್ ಸುತ್ತ ಆರು ತಲೆ ಬಗ್ಗಿರುತ್ತವೆ. ಓದುವವರು ಒಬ್ಬರು, ಬರೆದುಕೊಳ್ಳುವವರು ಐವರು.

ಆದರೆ ಕಬ್ಬಿಣದ ವರ್ನಿಯರ್ ಕೈಗೆ ಕೊಟ್ಟಾಗ ಇನ್ನೊಂದು ವಿಷಯ ಬರುತ್ತದೆ. ದವಡೆಯನ್ನು ಎಷ್ಟು ಬಿಗಿಯಾಗಿ ಒತ್ತಬೇಕು? ಗುಂಡು ಸ್ವಲ್ಪ ಓರೆ ಹಿಡಿದರೆ ಏನಾಗುತ್ತದೆ? ಪರದೆಯಲ್ಲಿ ದವಡೆ ತಾನಾಗಿ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಕೈಗೆ ಆ ಅಂದಾಜು ಬರಬೇಕಾದರೆ ಕಬ್ಬಿಣವನ್ನೇ ಹಿಡಿಯಬೇಕು. ಓದುವ ಕಣ್ಣು ಪರದೆಯಿಂದ ಬರುತ್ತದೆ, ಹಿಡಿಯುವ ಬೆರಳು ಬರುವುದಿಲ್ಲ.

ಓಲ್ಯಾಬ್ಸ್‌ನಲ್ಲಿ ದಾರಿಯನ್ನು ಮೊದಲೇ ಹಾಕಿಟ್ಟಿರುತ್ತಾರೆ. ಇದನ್ನು ಇಷ್ಟಕ್ಕೆ ಇಡು, ಅದನ್ನು ಒತ್ತು, ಕೋಷ್ಟಕದಲ್ಲಿ ಬರಿ. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಲು ಇದು ಬಹಳ ಸಹಾಯ. ದ್ವಿತೀಯ ಪಿಯುಸಿಯಲ್ಲಿ ಪ್ರಾಕ್ಟಿಕಲ್‌ಗೆ 30 ಅಂಕ, ಸಣ್ಣದಲ್ಲ. ಅಸೈನ್‌ಮೆಂಟ್ ಆಗಿ ಕೊಟ್ಟಾಗ ಮಾತ್ರ ಎಲ್ಲರ ಪುಸ್ತಕವೂ ಒಂದೇ ಥರ ಬಂತು.

ಇನ್ನು ಫೆಟ್. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್‌ನಲ್ಲಿ 2002ರಲ್ಲಿ ಕಾರ್ಲ್ ವೀಮನ್ ಇದನ್ನು ಶುರು ಮಾಡಿದರು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿತ್ತು. ಅಂಥವರು ಮಕ್ಕಳ ಪಾಠದ ಕಡೆ ಗಮನ ಹರಿಸಿದ್ದು ನನಗೆ ಈಗಲೂ ದೊಡ್ಡ ವಿಷಯ ಅನಿಸುತ್ತದೆ. ಈಗ ಅನೇಕ ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ. ಇನ್ನೊಂದು ಅನುಕೂಲ ನಮ್ಮಂಥ ಊರಿಗೆ ತುಂಬಾ ಮುಖ್ಯ. ಹೊಸ ಸಿಮ್ಯುಲೇಶನ್‌ಗಳನ್ನು ಒಂದೇ ಫೈಲಾಗಿ ಇಳಿಸಿಕೊಂಡು ನೆಟ್ ಇಲ್ಲದೆಯೂ ಓಡಿಸಬಹುದು. ನಾನು ಒಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ. ಸಿಗ್ನಲ್ ಸಿಗದ ಹಳ್ಳಿಯಿಂದ ಬರುವ ಮಕ್ಕಳೂ ಅಸೈನ್‌ಮೆಂಟ್ ಮಾಡಿಕೊಂಡು ಬರುತ್ತಾರೆ.

ಫೆಟ್‌ನ ಲೋಲಕದಲ್ಲಿ ದಾರದ ಉದ್ದ, ಗುಂಡಿನ ತೂಕ, ಗುರುತ್ವ, ಗಾಳಿಯ ಅಡ್ಡಿ ಎಲ್ಲವನ್ನೂ ಬದಲಿಸಬಹುದು. ಗುಂಡನ್ನು ಎಷ್ಟು ಕೋನಕ್ಕೆ ಬೇಕಾದರೂ ಎಳೆದು ಬಿಡಬಹುದು. ಚಂದ್ರ, ಭೂಮಿ, ಗುರು ಗ್ರಹ ಇವೆ. ಇವುಗಳ ಜೊತೆ ಹೆಸರಿಲ್ಲದ ಒಂದು ಗ್ರಹವೂ ಇದೆ, ಅದರ ಜಿ ಎಷ್ಟು ಅಂತ ಹೇಳುವುದಿಲ್ಲ.

ಮೊದಲ ವರ್ಷ ನಾನು ಹನ್ನೆರಡು ಹಂತದ ವರ್ಕ್‌ಶೀಟ್ ಮಾಡಿ ಕೊಟ್ಟೆ. ಅದು ನನ್ನ ತಪ್ಪು. ಉದ್ದ ಇಷ್ಟಿಡು, ಕೋನ ಇಷ್ಟಿಡು, ಟೈಮರ್ ಒತ್ತು ಅಂತ ಬರೆದಿದ್ದೆ. ಅರವತ್ತು ಪುಸ್ತಕದಲ್ಲೂ ಉತ್ತರ 9.81. ಯಾರಿಗೂ ಒಂದು ಪ್ರಶ್ನೆಯೂ ಹುಟ್ಟಲಿಲ್ಲ. ಹುಟ್ಟುವುದಾದರೂ ಹೇಗೆ, ಅಲ್ವಾ? ಭೂಮಿಗೆ 9.81 ಅಂತ ಒಳಗೇ ಬರೆದಿಟ್ಟಿದ್ದಾರೆ, ಹಾಕಿದ್ದೇ ಹೊರಗೆ ಬಂತು. ನಮ್ಮ ಬಯಲುಸೀಮೆಯ ಎತ್ತರಕ್ಕೆ, ಈ ಅಕ್ಷಾಂಶಕ್ಕೆ ನಿಜವಾದ ಬೆಲೆ ಸುಮಾರು 9.78. ಪರದೆಯಲ್ಲಿ ಎಷ್ಟು ಸಲ ಮಾಡಿದರೂ ಅದು ಸಿಗುವುದಿಲ್ಲ.

ಮರುವರ್ಷ ಆ ಹಂತಗಳನ್ನೆಲ್ಲ ತೆಗೆದು ಹಾಕಿದೆ. ಆಂದೋಲನದ ಅವಧಿಯನ್ನು ತಾನೇ ಅಳೆದುಕೊಡುವ ಟೈಮರ್ ಬಳಸಬಾರದು, ಸ್ಟಾಪ್‌ವಾಚ್ ಮಾತ್ರ ಬಳಸಬೇಕು ಎಂದೆ. ಮೂರೇ ಪ್ರಶ್ನೆ ಕೊಟ್ಟೆ. ತೂಕ ಎರಡರಷ್ಟು ಮಾಡಿದರೆ ಏನಾಗುತ್ತದೆ ಅಂತ ಮೊದಲು ಊಹಿಸಿ ಬರೆಯಿರಿ, ಆಮೇಲೆ ನೋಡಿ. ಭೂಮಿಯ ಜಿ ಕಂಡುಹಿಡಿಯಿರಿ. ಹೆಸರಿಲ್ಲದ ಗ್ರಹದ ಜಿ ಕಂಡುಹಿಡಿಯಿರಿ, ನಿಮ್ಮ ಉತ್ತರವನ್ನು ಯಾಕೆ ನಂಬಬೇಕು ಅಂತ ಎರಡು ಸಾಲು ಬರೆಯಿರಿ.

ಒಬ್ಬ ಹುಡುಗ ಭೂಮಿಗೆ 8.5 ತಂದ. ಮೂರು ಸಲ ಮಾಡಿದರೂ ಅಷ್ಟೇ ಬರುತ್ತಿದೆ ಎಂದು ತುಂಬಾ ಬೇಜಾರಾಗಿದ್ದ. ಅವನ ಫೋನನ್ನೇ ತೆಗೆದು ತೋರಿಸಿದ. ಚೆನ್ನಾಗಿ ಕಾಣಲಿ ಅಂತ ಗುಂಡನ್ನು 60 ಡಿಗ್ರಿಯವರೆಗೆ ಎಳೆದು ಬಿಟ್ಟಿದ್ದ. ಅಷ್ಟು ದೊಡ್ಡ ಕೋನದಲ್ಲಿ ಒಂದು ಆಂದೋಲನಕ್ಕೆ ಸಮಯ ಶೇಕಡಾ 7ರಷ್ಟು ಜಾಸ್ತಿ ಹಿಡಿಯುತ್ತದೆ. ನಾವು ಬಳಸುವ ಸೂತ್ರ ಸಣ್ಣ ಕೋನಕ್ಕೆ ಮಾತ್ರ. "ಸಣ್ಣ ಕೋನ" ಅನ್ನುವುದನ್ನು ಅವನು ಥಿಯರಿಯಲ್ಲಿ ಬರೆದಿದ್ದ, ಅಡಿಗೆರೆಯನ್ನೂ ಹಾಕಿದ್ದ. ಅದರ ಅರ್ಥ ಅವನಿಗೆ ಗೊತ್ತಾಗಿದ್ದು 8.5 ಬಂದ ಮೇಲೆ. ಆ ಸಂಜೆ 10 ಡಿಗ್ರಿ, 30 ಡಿಗ್ರಿ, 60 ಡಿಗ್ರಿ, 90 ಡಿಗ್ರಿ ನಾಲ್ಕನ್ನೂ ಮಾಡಿ ಒಂದು ಗ್ರಾಫ್ ತಂದು ಕೊಟ್ಟ. ನಾನು ಕೇಳಿಯೇ ಇರಲಿಲ್ಲ. ಲ್ಯಾಬಿನ ಸ್ಟ್ಯಾಂಡಿನಲ್ಲಿ ಒಂದು ಮೀಟರ್ ದಾರವನ್ನು 90 ಡಿಗ್ರಿ ಎಳೆದರೆ ಗುಂಡು ಪಕ್ಕದವರ ತಲೆಗೆ ಬಡಿಯುತ್ತದೆ. ಇಂಥ ಕೆಲಸಕ್ಕೆ ಸಿಮ್ಯುಲೇಶನ್ನೇ ಸರಿ.

ಕರೆಂಟಿನ ಪ್ರಯೋಗಕ್ಕೂ ಇದೇ ಮಾತು. ಫೆಟ್‌ನ ಸರ್ಕ್ಯೂಟ್ ಕಿಟ್‌ನಲ್ಲಿ ಬ್ಯಾಟರಿಯ ಎರಡು ತುದಿಯನ್ನು ಸುಮ್ನೆ ತಂತಿಯಿಂದ ಸೇರಿಸಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ನಾಣ್ಯ, ಪೆನ್ಸಿಲ್, ರಬ್ಬರ್ ಎಲ್ಲವನ್ನೂ ತಂತಿಯ ಮಧ್ಯೆ ಇಟ್ಟು ನೋಡಬಹುದು. ನಿಜವಾದ ಲ್ಯಾಬಿನಲ್ಲಿ ಅಮ್ಮೀಟರನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಮೀಟರ್ ಹೋಯಿತು. ಹೊಸದು ಬರಲು ಮುಂದಿನ ವರ್ಷದ ತನಕ ಕಾಯಬೇಕು. ಆ ಭಯಕ್ಕೆ ನಾವು ಲೆಕ್ಚರರುಗಳು "ಮುಟ್ಟಬೇಡ, ನಾನು ಬಂದು ನೋಡ್ತೀನಿ" ಅನ್ನುತ್ತೇವೆ. ಮಕ್ಕಳು ಮುಟ್ಟುವುದನ್ನೇ ಬಿಡುತ್ತಾರೆ. ಪರದೆ ಮೇಲೆ ನಾಲ್ಕು ಸಲ ಸುಟ್ಟುಕೊಂಡು ಬಂದ ಮಕ್ಕಳು ಅಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ಸಮಾಂತರದಲ್ಲಿ ಅಂತ ಕೇಳದೆಯೇ ಜೋಡಿಸುತ್ತಾರೆ.

ಮೀಟರ್ ಬ್ರಿಡ್ಜ್‌ನಲ್ಲಿ ಮಾತ್ರ ಪರದೆಗಳೆಲ್ಲ ಒಂದು ಕಡೆ, ಲ್ಯಾಬ್ ಇನ್ನೊಂದು ಕಡೆ. ಪರದೆಯಲ್ಲಿ ಸಡಿಲ ಜೋಡಣೆ ಅನ್ನುವುದಿಲ್ಲ. ನಮ್ಮಲ್ಲಿ ಸಣ್ಣ ಕರೆಂಟನ್ನೂ ತೋರಿಸುವ ಗ್ಯಾಲ್ವನೋಮೀಟರ್ ಮುಳ್ಳು ಒಂದೇ ಕಡೆಗೆ ಓಡಿದರೆ ಮೊದಲು ತಂತಿಯ ತುದಿಯನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬೇಕು, ರೆಸಿಸ್ಟೆನ್ಸ್ ಬಾಕ್ಸಿನ ಪ್ಲಗ್ ತಿರುಗಿಸಿ ಬಿಗಿ ಮಾಡಬೇಕು. ತಂತಿ ಉಜ್ಜಿದ ಮೇಲೆ ಮುಳ್ಳು ಎರಡೂ ಕಡೆ ಓಡಿದಾಗ ಮಕ್ಕಳ ಮುಖ ನೋಡಬೇಕು.

ನಡುವೆ ಒಂದು ವರ್ಷ ಒಂದು ಖಾಸಗಿ ಪ್ಯಾಕೇಜನ್ನೂ ಬಳಸಿದೆವು. ದುಡ್ಡು ಕೊಟ್ಟು ತಂದದ್ದು. ಮೂರು ಆಯಾಮದ ಚಿತ್ರ, ಹಿನ್ನೆಲೆಯಲ್ಲಿ ಸಂಗೀತ. ಒಂದು ಗುಂಡಿ ಒತ್ತಿದರೆ ಕೋಷ್ಟಕ ತಾನೇ ತುಂಬಿಕೊಳ್ಳುತ್ತಿತ್ತು, ಗ್ರಾಫ್ ತಾನೇ ಎಳೆದುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ರೀಡಿಂಗ್. ಮಕ್ಕಳು ಏನನ್ನೂ ಅಳೆಯಲಿಲ್ಲ. ಆ ದುಡ್ಡಿಗೆ ಇನ್ನು ಎಂಟು ಲೋಲಕದ ಸ್ಟ್ಯಾಂಡ್ ಬರುತ್ತಿತ್ತು ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಬಗ್ಗೆಯೂ ಕೇಳುತ್ತಾರೆ. ಐಐಟಿಗಳ ಜೊತೆ ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಕೂಡ ಅದರಲ್ಲಿ ಇದೆ. ಕೇಟರ್ ಲೋಲಕ, ನ್ಯೂಟನ್ ಉಂಗುರಗಳಂಥ ಪ್ರಯೋಗ ಸಿಗುತ್ತವೆ. ಬಿಎಸ್ಸಿ, ಎಂಜಿನಿಯರಿಂಗ್ ಮಕ್ಕಳಿಗೆ ಸರಿ. ಪಿಯು ಮಕ್ಕಳಿಗೆ ಭಾರ.

ಇನ್ನೊಂದನ್ನು ಸಿಮ್ಯುಲೇಶನ್ ಅನ್ನಲು ಬರುವುದಿಲ್ಲ, ಆದರೂ ಇದೇ ಸಾಲಿನಲ್ಲಿ ಇಡುತ್ತೇನೆ. ಅದು ಫೈಫಾಕ್ಸ್. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಡುಗಡೆ ಮಾಡಿದ ಉಚಿತ ಆ್ಯಪ್. ಫೋನಿನ ಒಳಗಿರುವ ಸೆನ್ಸರುಗಳನ್ನೇ ಅಳತೆಯ ಉಪಕರಣ ಮಾಡುತ್ತದೆ. ಫೋನನ್ನು ಬಟ್ಟೆ ಚೀಲದಲ್ಲಿ ಹಾಕಿ ತೊಲೆಗೆ ತೂಗುಬಿಟ್ಟರೆ ಅದೇ ಲೋಲಕ. ಕೆಲವು ಕಡಿಮೆ ಬೆಲೆಯ ಫೋನುಗಳಲ್ಲಿ ಇದಕ್ಕೆ ಬೇಕಾದ ಜೈರೋಸ್ಕೋಪ್ ಇರುವುದಿಲ್ಲ. ಹಾಗಾಗಿ ಎಲ್ಲರಿಗೂ ಲೋಲಕ ಕೊಡುವುದು ಕಷ್ಟ. ಮೈಕ್ ಮಾತ್ರ ಎಲ್ಲ ಫೋನಿನಲ್ಲೂ ಇದೆ. ಅದಕ್ಕೆ ಶಬ್ದದ ಸ್ಟಾಪ್‌ವಾಚ್ ಬಳಸಿ ವಸ್ತು ಬೀಳುವ ಸಮಯ ಅಳೆಯಲು ಹೇಳುತ್ತೇನೆ.

ಒಬ್ಬಳು ಹುಡುಗಿ ಮನೆಯ ಅಟ್ಟದ ಅಂಚಿಗೆ ಒಂದು ಗೋಲಿ ಇಟ್ಟು, ಅದನ್ನು ಸ್ಕೇಲಿನಿಂದ 'ಟಕ್' ಅಂತ ಹೊಡೆದು ಬೀಳಿಸಿದಳು. ಕೆಳಗೆ ಸ್ಟೀಲ್ ತಟ್ಟೆ. ಹೊಡೆದ ಶಬ್ದಕ್ಕೆ ಗಡಿಯಾರ ಶುರು, ತಟ್ಟೆಯ ಶಬ್ದಕ್ಕೆ ನಿಲ್ಲುತ್ತದೆ. 1.25 ಮೀಟರ್ ಎತ್ತರ. ಬಂದ ಸಮಯ 0.51, 0.50, 0.49, ಒಂದು ಸಲ 0.22. ಆ 0.22ರ ಪಕ್ಕದಲ್ಲಿ "ಅಮ್ಮ ಕುಕ್ಕರ್ ಇಳಿಸಿದರು" ಅಂತ ಬರೆದಿದ್ದಳು. 0.49ಕ್ಕೂ 0.51ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಏನೂ ಅಲ್ಲ. ಜಿ ಲೆಕ್ಕ ಹಾಕಿದರೆ 10.4 ಎಲ್ಲಿ, 9.6 ಎಲ್ಲಿ! ಸಮಯದಲ್ಲಿ ಆಗುವ ಸಣ್ಣ ತಪ್ಪು ವರ್ಗ ಮಾಡಿದಾಗ ಹೇಗೆ ಬೆಳೆಯುತ್ತದೆ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಹೇಳಿದ್ದೇನೆ. ಅವಳಿಗೆ ಹೇಳುವ ಅಗತ್ಯವೇ ಬೀಳಲಿಲ್ಲ.

ಕೊನೆಗೆ ನಮ್ಮ ನಾಲ್ಕು ಸ್ಟ್ಯಾಂಡ್. ದಾರ ಬಿಗಿಯುವ ಕಾರ್ಕಿನ ಎರಡು ಹೋಳು ಸವೆದಿವೆ, ಗುಂಡಿನ ಕೊಕ್ಕೆ ಬಾಗಿದೆ. ಆದರೂ ಪರದೆಯಲ್ಲಿ ಸಿಗದ ಒಂದು ತಪ್ಪು ಇಲ್ಲಿ ಸಿಗುತ್ತದೆ. ಮಕ್ಕಳು ದಾರವನ್ನು ಮಾತ್ರ ಅಳೆಯುತ್ತಾರೆ, ಗುಂಡಿನ ಮಧ್ಯದವರೆಗೆ ಅಳೆಯುವುದಿಲ್ಲ. ಒಂದು ಸೆಂಟಿಮೀಟರ್ ಬಿಟ್ಟುಹೋದರೆ 9.78 ಇರಬೇಕಾದದ್ದು 9.68 ಆಗುತ್ತದೆ. ಚೆಂದ ಇರುವುದು ಗ್ರಾಫಿನಲ್ಲಿ. ಉದ್ದಕ್ಕೆ ಎದುರಾಗಿ ಅವಧಿಯ ವರ್ಗವನ್ನು ಗುರುತಿಸಿದರೆ ಗೆರೆ ನೇರವಾಗಿಯೇ ಬರುತ್ತದೆ, ಆದರೆ ಮೂಲಬಿಂದುವಿನ ಮೇಲೆ ಹೋಗದೆ ಪಕ್ಕಕ್ಕೆ ಸರಿದಿರುತ್ತದೆ. ಎಷ್ಟು ಸರಿದಿದೆ ಅಂತ ನೋಡಿದರೆ ಬಿಟ್ಟುಹೋದ ಆ ಒಂದು ಸೆಂಟಿಮೀಟರ್ ಅಲ್ಲೇ ಇದೆ! ಗೆರೆಯ ಇಳಿಜಾರಿನಿಂದ ಜಿ ತೆಗೆದರೆ ಸರಿಯಾದ ಬೆಲೆಯೇ ಸಿಗುತ್ತದೆ.

ಈಗ ನಾನು ಅನುಸರಿಸುತ್ತಿರುವ ಕ್ರಮ ಹೀಗಿದೆ. ಮೊದಲ ವಾರ ಮನೆಯಲ್ಲಿ ಫೆಟ್, ಮೂರೇ ಪ್ರಶ್ನೆ, ಮೊದಲು ಊಹೆ ಬರೆಯಲೇಬೇಕು. ಎರಡನೇ ವಾರ ಲ್ಯಾಬ್. ಫೈಫಾಕ್ಸ್ ಇಷ್ಟ ಇದ್ದವರಿಗೆ. ಓಲ್ಯಾಬ್ಸ್ ವರ್ನಿಯರ್‌ಗೆ ಮತ್ತು ಪರೀಕ್ಷೆಯ ಹಿಂದಿನ ದಿನಗಳಿಗೆ. ಒಂದನ್ನೇ ಆರಿಸಿ ಅಂದರೆ ನಾನು ಫೆಟ್ ಅನ್ನುತ್ತೇನೆ, ಆದರೆ ಹಂತ ಹಂತದ ವರ್ಕ್‌ಶೀಟ್ ಜೊತೆ ಬೇಡ. ಇನ್ನೊಂದು ಬದಲಾವಣೆಯನ್ನೂ ಮಾಡಿದ್ದೇನೆ. ಅಸೈನ್‌ಮೆಂಟ್ ಪುಸ್ತಕದಲ್ಲಿ ತಪ್ಪು ರೀಡಿಂಗನ್ನು ಯಾರೂ ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯಬೇಕು. ಅದಕ್ಕೇ ಎರಡು ಅಂಕ.

ಪೀನ ಮಸೂರದ ಪ್ರಯೋಗಕ್ಕೆ ಮಾತ್ರ ನಾನು ಪರದೆಯಿಂದ ಶುರು ಮಾಡುವುದಿಲ್ಲ. ಸಿಮ್ಯುಲೇಶನ್‌ನಲ್ಲಿ ಕಿರಣಗಳು ತುಂಬಾ ಚೆನ್ನಾಗಿ ಕಾಣುತ್ತವೆ, ನಿಜ. ಆದರೆ ಮೊದಲ ದಿನ ಲ್ಯಾಬಿನ ಲೈಟ್ ಆರಿಸಿ, ಒಂದೇ ಕಿಟಕಿ ತೆರೆದು, ಮಕ್ಕಳ ಕೈಗೆ ಮಸೂರ ಮತ್ತು ಬಿಳಿ ಹಾಳೆ ಕೊಡುತ್ತೇನೆ. ಹಾಳೆಯನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ 20 ಸೆಂಟಿಮೀಟರ್ ಹತ್ತಿರ ಬಂದಾಗ ಹೊರಗಿನ ತೆಂಗಿನ ಮರ ಆ ಹಾಳೆಯ ಮೇಲೆ ತಲೆಕೆಳಗಾಗಿ ನಿಲ್ಲುತ್ತದೆ. ಗಾಳಿ ಬಂದರೆ ಗರಿಯೂ ಅಲ್ಲಾಡುತ್ತದೆ. ಇಡೀ ಬ್ಯಾಚು ಒಂದು ನಿಮಿಷ ಮಾತೇ ಆಡುವುದಿಲ್ಲ.